ಟಿಸಿ ಮೇಲಿನ ಎಲ್‌ಎ ಬದಲಿಸುವುದು ಹೇಗೆ: 11 ಕೆವಿ ಲೈನ್ ಕೆಲಸಕ್ಕೆ ಸಮಗ್ರ ಮಾರ್ಗದರ್ಶಿ

ಅಶ್ವಿನಿ, ಭರಣಿ ಮಳೆ ಶುರುವಾದರೆ ದಾವಣಗೆರೆ, ಚಿತ್ರದುರ್ಗದ ಸೆಕ್ಷನ್ ಆಫೀಸುಗಳಿಗೆ ಒಂದೇ ರೀತಿಯ ದೂರು ಬರುತ್ತದೆ. ಹೋದ ವರ್ಷ ಹಾಕಿದ ಲೈಟ್ನಿಂಗ್ ಅರೆಸ್ಟರ್ (ಎಲ್‌ಎ, ಸಿಡಿಲಿನ ಹೊಡೆತವನ್ನು ಭೂಮಿಗೆ ಇಳಿಸುವ ಸಾಧನ) ಈ ವರ್ಷ ಮತ್ತೆ ಸಿಡಿದಿದೆ. ಇನ್ನು ಕೆಲವು ಕಡೆ ಎಲ್‌ಎ ಹೊಸದಾಗೇ ನಿಂತಿದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಮಾತ್ರ ಸುಟ್ಟಿದೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು, "ಮಾಲು ಸರಿ ಇಲ್ಲ". ಬಹಳ ಸಲ ತಪ್ಪು ಮಾಲಿನದಲ್ಲ. ಮೇಲೆ ಎಲ್‌ಎ ಬದಲಿಸಿ, ಕೆಳಗೆ ಅರ್ತ್ (ಭೂಮಿಗೆ ಇಳಿಸಿದ ಜೋಡಣೆ) ನೋಡದೆ ಇಳಿದು ಬಂದಿರುತ್ತಾರೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕೆಲಸದ ಕ್ರಮ ತಪ್ಪಿದರೆ ಹೋಗುವುದು ಎಲ್‌ಎ ಅಲ್ಲ, ಜೀವ. ಹಾಗಾಗಿ ಇಲ್ಲಿ ಯಾವುದರ ನಂತರ ಯಾವುದು ಅನ್ನುವುದನ್ನೇ ಜಾಸ್ತಿ ಬಿಡಿಸಿ ಹೇಳಿದ್ದೇನೆ. ಇದು ಲೈನ್ ಮೇಲೆ ಕೆಲಸ ಮಾಡಲು ಅಧಿಕಾರ ಇರುವ ಪವರ್‌ಮ್ಯಾನ್‌ಗಳಿಗೆ, ಲೈನ್‌ಮ್ಯಾನ್‌ಗಳಿಗೆ, ಗುತ್ತಿಗೆ ಗ್ಯಾಂಗಿನ ಮೇಸ್ತ್ರಿಗಳಿಗೆ ಬರೆದದ್ದು. ರೈತರು ಓದಿದರೆ ಒಳ್ಳೆಯದೇ, ಆದರೆ ಕಂಬ ಹತ್ತಲು ಅಲ್ಲ. ಎಲ್‌ಎಯಿಂದ ತಂತಿ ನೇತಾಡುವುದು ಕಂಡರೆ ಅದರ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಂಡು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಅಷ್ಟೇ ನಿಮ್ಮ ಕೆಲಸ.

ಲೈನ್ ಚಾರ್ಜ್ ಇರುವಾಗಲೇ ಬದಲಿಸಬಹುದಾ?

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಾರ್ಜ್ ಇರುವ, ಅಂದರೆ ಕರೆಂಟ್ ಇರುವ ಲೈನಿನಲ್ಲಿ ಎಲ್‌ಎ ಬದಲಿಸುವ ವಿಧಾನ ಇದೆ. ಅದು ಹಾಟ್‌ಲೈನ್ ತರಬೇತಿ ಪಡೆದ ಗ್ಯಾಂಗಿನ ಕೆಲಸ. ಇದಕ್ಕೆಂದೇ ಎನ್‌ಪಿಟಿಐ (ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆ) ಸಂಸ್ಥೆಯ ಹಾಟ್‌ಲೈನ್ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಆ ತರಬೇತಿ, ಆ ಸಾಮಾನು, ಬರಹದಲ್ಲಿ ಕೊಟ್ಟ ಅಧಿಕಾರ, ಈ ಮೂರೂ ಇಲ್ಲದವರು ರಬ್ಬರ್ ಗ್ಲೌಸ್ ಒಂದನ್ನೇ ನಂಬಿ ಚಾರ್ಜ್ ಲೈನಿಗೆ ಕೈ ಹಾಕಬಾರದು. ಹಳ್ಳಿ ಟಿಸಿಯ ಎಲ್‌ಎಗೆ ಲೈನ್ ಕ್ಲಿಯರ್ (ಎಲ್‌ಸಿ, ಅಂದರೆ ಸ್ಟೇಷನ್ನಿನಲ್ಲಿ ಲೈನ್ ಆಫ್ ಮಾಡಿಸಿ ಪಡೆಯುವ ಕೆಲಸದ ಅನುಮತಿ) ತೆಗೆದುಕೊಂಡೇ ಕೆಲಸ ಮಾಡಿ. ಕೆಳಗಿನ 8 ಹಂತಗಳು ಆ ವಿಧಾನದವು. ಹಾಟ್‌ಲೈನ್ ಗ್ಯಾಂಗ್ ಹೇಗೆ ಮಾಡುತ್ತದೆ ಅನ್ನುವುದನ್ನು ಆಮೇಲೆ ಬೇರೆಯಾಗಿ ಹೇಳಿದ್ದೇನೆ.

ಹಂತ 1: ಕೆಳಗಿನಿಂದಲೇ ನೋಡಿ, ಏನಾಗಿದೆ ಅಂತ ತಿಳಿಯಿರಿ

ಕಂಬದ ಬುಡಕ್ಕೆ ಓಡಿ ಹೋಗಬೇಡಿ. ಸ್ವಲ್ಪ ದೂರ ನಿಂತು ನೋಡಿ. ಪಿಂಗಾಣಿ ಎಲ್‌ಎ ಆದರೆ ಬಿರುಕು, ಚಕ್ಕೆ ಎದ್ದಿರುವುದು, ಕಪ್ಪು ಮಸಿ ಕಾಣುತ್ತದೆ. ಪಾಲಿಮರ್ ಎಲ್‌ಎ ಆದರೆ ಮೈ ಉಬ್ಬಿರುತ್ತದೆ, ಸೀಳಿರುತ್ತದೆ ಅಥವಾ ಸುಟ್ಟ ಗೆರೆ ಬಿದ್ದಿರುತ್ತದೆ.

ಪಾಲಿಮರ್ ಎಲ್‌ಎಗಳ ತಳದಲ್ಲಿ ಸಾಮಾನ್ಯವಾಗಿ ಡಿಸ್ಕನೆಕ್ಟರ್ ಇರುತ್ತದೆ. ಎಲ್‌ಎ ಒಳಗೆ ಶಾರ್ಟ್ ಆದಾಗ ಅದು ಸಿಡಿದು ಅರ್ತ್ ತಂತಿಯನ್ನು ಬೇರೆ ಮಾಡುತ್ತದೆ. ಅರ್ತ್ ತಂತಿ ಕೆಳಗೆ ನೇತಾಡುತ್ತಿದ್ದರೆ ಆ ಎಲ್‌ಎ ಸತ್ತಿದೆ ಅಂತಲೇ ಅರ್ಥ. ಇಲ್ಲೇ ಜನ ಮೋಸ ಹೋಗುವುದು. "ಲೈನ್ ಚಾಲೂ ಇದೆ, ಟ್ರಿಪ್ ಆಗಿಲ್ಲ, ತಂತಿ ಸಿಕ್ಕಿಸಿದರೆ ಆಯ್ತು" ಅಂದುಕೊಳ್ಳುತ್ತಾರೆ. ಒಳಗೆ ಶಾರ್ಟ್ ಆದ ಎಲ್‌ಎ ತಳಕ್ಕೆ ಪೂರ್ತಿ ಲೈನ್ ವೋಲ್ಟೇಜ್ ಬಂದು ನಿಂತಿರುತ್ತದೆ. 11 ಕೆವಿ ಲೈನಿನಲ್ಲಿ ಒಂದು ಫೇಸಿಗೂ ಭೂಮಿಗೂ ನಡುವೆ ಸುಮಾರು 6,350 ವೋಲ್ಟ್ ಇರುತ್ತದೆ. ನೇತಾಡುವ ತಂತಿಯನ್ನು ಮತ್ತೆ ಕಟ್ಟುವ ಯೋಚನೆಯನ್ನೇ ಬಿಡಿ.

ಕಣ್ಣಿಗೆ ಏನೂ ಕಾಣದೆ ಫೀಡರ್ (ಸ್ಟೇಷನ್ನಿನಿಂದ ಹೊರಡುವ 11 ಕೆವಿ ಲೈನ್) ಪದೇ ಪದೇ ಅರ್ತ್ ಫಾಲ್ಟಿನಲ್ಲಿ (ಕರೆಂಟ್ ಭೂಮಿಗೆ ಸೋರಿ) ಟ್ರಿಪ್ ಆಗುತ್ತಿದ್ದರೂ ಎಲ್‌ಎ ಮೇಲೆ ಅನುಮಾನ ಇರಲಿ. ಕೂದಲೆಳೆ ಬಿರುಕಿನಲ್ಲಿ ನೀರು ಇಳಿದ ಪಿಂಗಾಣಿ ಎಲ್‌ಎ ಬಿಸಿಲಲ್ಲಿ ಸುಮ್ಮನಿದ್ದು, ಮಳೆ ಬಂದಾಗ ಮಾತ್ರ ತೊಂದರೆ ಕೊಡುತ್ತದೆ.

ಹಂತ 2: ಸಾಮಾನು ಜೋಡಿಸಿಕೊಂಡೇ ಹೊರಡಿ

ಎಲ್‌ಸಿ ತೆಗೆದುಕೊಂಡ ಮೇಲೆ "ಕ್ಲ್ಯಾಂಪ್ ಮರೆತೆ" ಅಂತ ಊರಿಗೆ ಬೈಕ್ ಕಳಿಸಿದರೆ ಅವಸರ ಶುರುವಾಗುತ್ತದೆ. ಬೇಕಾದದ್ದು ಇಷ್ಟು:

- ಹೆಲ್ಮೆಟ್, ಫುಲ್ ಬಾಡಿ ಹಾರ್ನೆಸ್, ಸೇಫ್ಟಿ ಬೂಟ್. ಏಣಿ ಫೈಬರ್‌ದೇ ಇರಲಿ, ಅಲ್ಯೂಮಿನಿಯಂ ಬೇಡ.
- 11 ಕೆವಿಗೆ ಸರಿಯಾದ ಗ್ಲೌಸ್, ಅಂದರೆ ಕ್ಲಾಸ್ 2. ಗಾಳಿ ತುಂಬಿ ಸುರುಳಿ ಸುತ್ತಿ ಕಿವಿ ಹತ್ತಿರ ಹಿಡಿದು ನೋಡಿ. ಗಾಳಿ ಸೋರುವ ಗ್ಲೌಸನ್ನು ಅಲ್ಲೇ ಕತ್ತರಿಸಿ ಬಿಸಾಡಿ, ಮತ್ತೆ ಯಾರೂ ಹಾಕಿಕೊಳ್ಳದ ಹಾಗೆ.
- ಎಚ್‌ಟಿ (11 ಕೆವಿ ಕಡೆಯ) ವೋಲ್ಟೇಜ್ ಡಿಟೆಕ್ಟರ್, ಮೂರೂ ಫೇಸಿಗೆ ಆಗುವ ಡಿಸ್ಚಾರ್ಜ್ ರಾಡ್ (ಆಫ್ ಆದ ಲೈನನ್ನು ಅರ್ತ್‌ಗೆ ಜೋಡಿಸುವ ಕೋಲು) ಎರಡು ಸೆಟ್.
- 2.5 ಅಥವಾ 5 ಕೆವಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್), ಅರ್ತ್ ಟೆಸ್ಟರ್ (ಅರ್ತ್ ರೆಸಿಸ್ಟೆನ್ಸ್ ಅಳೆಯುವ ಮೀಟರ್).
- ಸ್ಪ್ಯಾನರ್, ವೈರ್ ಬ್ರಷ್, ಬೈಮೆಟಲ್ ಕ್ಲ್ಯಾಂಪ್, ಜಿಐ ಬೋಲ್ಟ್ ನಟ್ ವಾಷರ್, ಅರ್ತ್ ತಂತಿ ಅಥವಾ ಜಿಐ ಪಟ್ಟಿ, ಸಾಮಾನು ಏರಿಸಲು ಒಣ ಹಗ್ಗ.

ಈಗ ಎಲ್‌ಎ ವಿಷಯ. 11 ಕೆವಿ ಟಿಸಿಗೆ ಹಾಕುವುದು 9 ಕೆವಿ, 5 ಕೆಎ ಎಲ್‌ಎ. ನೇಮ್ ಪ್ಲೇಟ್ ಮೇಲೆ 9 ಅಂತ ನೋಡಿ "ಇದು 11 ಕೆವಿಗೆ ಆಗಲ್ಲ" ಅಂತ ವಾಪಸ್ ಕಳಿಸುವವರು ಇದ್ದಾರೆ. ಅದು ಸರಿಯಾದದ್ದೇ, ಯಾಕೆಂದರೆ ಎಲ್‌ಎ ಕೂರುವುದು ಫೇಸಿಗೂ ಅರ್ತಿಗೂ ನಡುವೆ. ಹಾಗಂತ, ಸ್ಟೋರಿನಲ್ಲಿ ಸಿಕ್ಕಿತು ಅಂತ 33 ಕೆವಿ ಲೈನಿನ 30 ಕೆವಿ ಎಲ್‌ಎ ತಂದು ಹಾಕಬೇಡಿ. ಅದು ಸಿಡಿಯುವುದಿಲ್ಲ ನಿಜ. ಆದರೆ ಅದು ಕೆಲಸ ಶುರು ಮಾಡುವ ಹೊತ್ತಿಗೆ ಟಿಸಿ ಒಳಗಿನ ಸುತ್ತು ಸುಟ್ಟಿರುತ್ತದೆ.

ಹಂತ 3: ಹೊಸ ಎಲ್‌ಎಯನ್ನು ನೆಲದ ಮೇಲೇ ಪರೀಕ್ಷಿಸಿ

ಒಣ ಬಟ್ಟೆಯಿಂದ ಮೈ ಒರೆಸಿ. ಮೇಲಿನ ಟರ್ಮಿನಲ್ಲಿಗೂ ತಳಕ್ಕೂ ಮೆಗ್ಗರ್ ಹಾಕಿ. ಒಳ್ಳೆಯ ಎಲ್‌ಎ ಸಾವಿರ ಮೆಗಾ ಓಮ್‌ಗಿಂತ ಮೇಲೆ ತೋರಿಸಬೇಕು. ಕಡಿಮೆ ಬಂದರೆ ಇನ್ನೊಮ್ಮೆ ಒರೆಸಿ ನೋಡಿ, ಆಗಲೂ ಕಡಿಮೆ ಇದ್ದರೆ ಪಕ್ಕಕ್ಕಿಡಿ. ಹೊಸ ಡಬ್ಬಿಯಿಂದ ತೆಗೆದದ್ದು ಅನ್ನುವುದು ಪರೀಕ್ಷೆ ಬಿಡಲು ಕಾರಣ ಅಲ್ಲ. ಲಾರಿಯಲ್ಲಿ ಕುಲುಕಾಡಿ ಬಂದ ಪಿಂಗಾಣಿ ಒಳಗೆ ಬಿರುಕು ಬಿಟ್ಟಿರಬಹುದು.

ಒಂದು ಹೋಗಿದ್ದರೆ ಮೂರನ್ನೂ ಬದಲಿಸಬೇಕಾ? ನನ್ನ ಅಭಿಪ್ರಾಯದಲ್ಲಿ ಉಳಿದ ಎರಡೂ ಒಳಗೆ ಕಿಡಿ ಹಾರುವ ಗ್ಯಾಪ್ ಇರುವ ಹಳೆಯ ಪಿಂಗಾಣಿ ಎಲ್‌ಎ ಆಗಿದ್ದರೆ ಮೂರನ್ನೂ ಬದಲಿಸಿ. ಎಲ್‌ಸಿ ಹೇಗೂ ಸಿಕ್ಕಿದೆ, ಅದೇ ಕಂಬಕ್ಕೆ ಮುಂದಿನ ತಿಂಗಳು ಮತ್ತೆ ಹತ್ತುವುದು ಯಾಕೆ? ಉಳಿದೆರಡು ಗ್ಯಾಪ್ ಇಲ್ಲದ ಹೊಸ ತರಹದವಾದರೆ ಮೆಗ್ಗರ್ ಮಾಡಿ ನೋಡಿ ತೀರ್ಮಾನಿಸಿ.

ಹಂತ 4: ಎಲ್‌ಸಿ ತೆಗೆದುಕೊಳ್ಳುವುದು

ನಮ್ಮ ಎರಡು ಜಿಲ್ಲೆಗಳಲ್ಲಿ ಜೀವ ತೆಗೆಯುವ ತಪ್ಪುಗಳು ಹೆಚ್ಚಾಗಿ ಇಲ್ಲೇ ಇವೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು, "ಈಗ ಶೆಡ್ಯೂಲ್ ಆಫ್ ಇದೆ" ಅನ್ನುವ ನಂಬಿಕೆ. ಐಪಿ ಫೀಡರಿಗೆ (ಪಂಪ್‌ಸೆಟ್ ಲೈನಿಗೆ) ತ್ರೀ ಫೇಸ್ ಇರುವುದು ದಿನದ ಕೆಲವೇ ಗಂಟೆ. ಹಾಗಾಗಿ ಕರೆಂಟ್ ಇಲ್ಲದ ಹೊತ್ತು ನೋಡಿ ಕಂಬ ಹತ್ತುವ ಅಭ್ಯಾಸ ಬೆಳೆದಿದೆ. ಸ್ಟೇಷನ್ನಿನಲ್ಲಿ ಯಾರಾದರೂ ಸಮಯ ಬದಲಿಸಿದರೆ, ಟ್ರಯಲ್‌ಗೆ ಅಂತ ಬ್ರೇಕರ್ ಹಾಕಿದರೆ, ನಿಮಗೆ ತಿಳಿಸುವವರು ಯಾರು? ಕರೆಂಟ್ ಇಲ್ಲ ಅನ್ನುವುದು ಬೇರೆ, ಎಲ್‌ಸಿ ಇದೆ ಅನ್ನುವುದು ಬೇರೆ.

ಎರಡನೆಯದು, ತಪ್ಪು ಫೀಡರಿನ ಎಲ್‌ಸಿ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಲೈನ್ ಬೇರೆ, ಹೊಲದ ಲೈನ್ ಬೇರೆ ಆಗಿದೆ. ಹಲವು ಕಡೆ ಎರಡೂ ಒಂದರ ಮೇಲೊಂದು ದಾಟುತ್ತವೆ, ಅಕ್ಕಪಕ್ಕ ಓಡುತ್ತವೆ. ಫೀಡರ್ ಹೆಸರು ಮತ್ತು ನಂಬರ್ ಎರಡನ್ನೂ ಹೇಳಿ ಎಲ್‌ಸಿ ಕೇಳಿ. ಮೇಲೆ ದಾಟುವ ಲೈನ್ ಇದ್ದರೆ ಅದರದ್ದೂ ಎಲ್‌ಸಿ ಬೇಕಾ ಅಂತ ಜೆಇ (ಜೂನಿಯರ್ ಎಂಜಿನಿಯರ್) ಜೊತೆ ಮೊದಲೇ ಮಾತಾಡಿ.

ಮೂರನೆಯದು, ಜಿಓಎಸ್ (ಕೆಳಗಿನ ಹ್ಯಾಂಡಲ್‌ನಿಂದ ಎಳೆಯುವ, ಕಂಬದ ಮೇಲಿನ ಸ್ವಿಚ್) ಒಂದನ್ನೇ ನಂಬುವುದು. ಡಿಪಿಯ (ಟಿಸಿ ಇರುವ ಜೋಡಿ ಕಂಬದ) ಜಿಓಎಸ್ ಎಳೆದರೂ ಅದರ ಮೇಲಿನ ಕಡೆ ಚಾರ್ಜ್ ಇದ್ದೇ ಇರುತ್ತದೆ. ಎಲ್‌ಎ ಜಿಓಎಸ್‌ಗಿಂತ ಮೇಲೆ, ಲೈನಿನ ಕಡೆಗೇ ಇರುವ ಡಿಪಿಗಳೂ ಇವೆ. ಅಲ್ಲಿ ಜಿಓಎಸ್ ಎಳೆದರೆ ಎಲ್‌ಎಗೆ ಏನೂ ಆಗುವುದಿಲ್ಲ. ಇದಲ್ಲದೆ ಹಳೆಯ ಜಿಓಎಸ್‌ನಲ್ಲಿ ಎರಡು ಬ್ಲೇಡ್ ಬಿಟ್ಟು ಮೂರನೆಯದು ಅಂಟಿಕೊಂಡೇ ಇರಬಹುದು.

ಕ್ರಮ ಹೀಗಿರಲಿ. ಅಧಿಕಾರ ಇರುವ ಒಬ್ಬರೇ ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ಕೇಳಬೇಕು. ಆಪರೇಟರ್ ಬ್ರೇಕರ್ ಆಫ್ ಮಾಡಿ, ಐಸೋಲೇಟರ್ ತೆಗೆದು, ಅರ್ತ್ ಮಾಡಿ, ಬೋರ್ಡ್ ನೇತುಹಾಕಿ, ಎಲ್‌ಸಿ ನಂಬರ್ ಕೊಡುತ್ತಾರೆ. ನಂಬರ್ ಬರೆದುಕೊಂಡು, ಓದಿ ಹೇಳಿ ಖಚಿತ ಮಾಡಿ. ಆಮೇಲೆ ಸ್ಥಳದಲ್ಲಿ ಜಿಓಎಸ್ ಎಳೆದು, ಮೂರೂ ಬ್ಲೇಡ್ ಬಿಟ್ಟಿವೆಯೇ ಅಂತ ಕಣ್ಣಾರೆ ನೋಡಿ, ಹ್ಯಾಂಡಲ್‌ಗೆ ಬೀಗ ಹಾಕಿ. ಬೀಗದ ಕೈ ಕಂಬ ಹತ್ತುವವರ ಜೇಬಿನಲ್ಲೇ ಇರಲಿ.

ಇಷ್ಟಕ್ಕೇ ಮುಗಿಯಲಿಲ್ಲ. ಟಿಸಿಯ ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆಯ ಫ್ಯೂಸ್‌ಗಳನ್ನೂ ತೆಗೆಯಿರಿ. ಅಕ್ಕಿ ಗಿರಣಿಯ ಜನರೇಟರ್, ಮನೆ ಮೇಲಿನ ಸೋಲಾರ್, ಪಕ್ಕದ ಟಿಸಿಯಿಂದ ಎಳೆದ ಎಲ್‌ಟಿ ತಂತಿ, ಯಾವುದಾದರೂ ಒಂದು ಹಿಂದಿನಿಂದ ಕರೆಂಟ್ ಕೊಟ್ಟರೆ ಟಿಸಿ ಅದನ್ನು 11 ಕೆವಿಗೆ ಏರಿಸಿ ನಿಮ್ಮ ಕೈ ಇರುವ ಜಾಗಕ್ಕೆ ಕಳಿಸುತ್ತದೆ.

ಹಂತ 5: ಪರೀಕ್ಷೆ, ಡಿಸ್ಚಾರ್ಜ್, ಅರ್ತ್

ಡಿಟೆಕ್ಟರನ್ನು ಮೊದಲು ಅದರ ಸೆಲ್ಫ್ ಟೆಸ್ಟ್ ಬಟನ್ ಒತ್ತಿ ಅಥವಾ ಚಾರ್ಜ್ ಇದೆ ಅಂತ ಗೊತ್ತಿರುವ ಲೈನಿನಲ್ಲಿ ನೋಡಿ. ಆಮೇಲೆ ನಿಮ್ಮ ಲೈನಿನ ಮೂರೂ ಫೇಸ್ ನೋಡಿ. ಮತ್ತೆ ಡಿಟೆಕ್ಟರ್ ಕೆಲಸ ಮಾಡುತ್ತಿದೆಯೇ ಅಂತ ಇನ್ನೊಮ್ಮೆ ನೋಡಿ. ನಡುವೆ ಸೆಲ್ ಸತ್ತ ಡಿಟೆಕ್ಟರ್ ಎಲ್ಲ ಲೈನನ್ನೂ "ಸತ್ತಿದೆ" ಅಂತಲೇ ಹೇಳುತ್ತದೆ.

ಡಿಸ್ಚಾರ್ಜ್ ರಾಡ್ ಹಾಕುವಾಗ ಅರ್ತ್ ಕಡೆಯನ್ನು ಮೊದಲು ಬಿಗಿಯಾಗಿ ಕಟ್ಟಿ, ಆಮೇಲೆ ರಾಡನ್ನು ಲೈನಿಗೆ ಸಿಕ್ಕಿಸಿ. ತೆಗೆಯುವಾಗ ಉಲ್ಟಾ, ಮೊದಲು ಲೈನಿನಿಂದ ರಾಡ್, ಕೊನೆಗೆ ಅರ್ತ್. ಈ ಕ್ರಮ ತಪ್ಪಿ, ರಾಡ್ ಲೈನಿನಲ್ಲಿ ಇರುವಾಗ ಅರ್ತ್ ತಂತಿ ಕೈಯಲ್ಲಿ ಹಿಡಿದರೆ ಅರ್ತ್ ದಾರಿ ನೀವೇ ಆಗುತ್ತೀರಿ. ಕೆಲಸದ ಜಾಗದ ಎರಡೂ ಕಡೆ ರಾಡ್ ಹಾಕಿ, ಎಲ್ಲಿಂದ ಕರೆಂಟ್ ಬಂದರೂ ನಿಮಗಿಂತ ಮೊದಲು ಅರ್ತ್ ಸಿಗುವಂತೆ.

ಒಂದು ಸಣ್ಣ ವಿಷಯ, ಆದರೆ ಬಹಳ ಜನ ಮರೆಯುತ್ತಾರೆ. ರಾಡಿನ ಅರ್ತ್ ತಂತಿಯನ್ನು ಎಲ್‌ಎ ಪಿಟ್ಟಿಗೆ (ಅರ್ತ್ ಗುಂಡಿಗೆ) ಕಟ್ಟಬೇಡಿ. ಮುಂದಿನ ಹಂತದಲ್ಲಿ ಅದೇ ಪಿಟ್ಟನ್ನು ಬಿಚ್ಚಿ ಅಳೆಯುತ್ತೀರಿ. ಬೇರೆ ಸ್ಪೈಕ್ ನೆಲಕ್ಕೆ ಹೊಡೆದು ಅದಕ್ಕೆ ಕಟ್ಟಿ.

ಹಂತ 6: ಅರ್ತ್ ಮೊದಲು ಸರಿ ಮಾಡಿ, ಆಮೇಲೆ ಎಲ್‌ಎ

ಎಲ್‌ಎ ಮತ್ತೆ ಮತ್ತೆ ಸೋಲುವುದಕ್ಕೂ ಟಿಸಿ ಸುಡುವುದಕ್ಕೂ ಕಾರಣ ಇಲ್ಲೇ ಸಿಗುತ್ತದೆ. ಒಂದು ಲೆಕ್ಕ ನೋಡಿ. ಸಿಡಿಲಿನ 5 ಸಾವಿರ ಆಂಪಿಯರ್ ಎಲ್‌ಎ ಮೂಲಕ ಇಳಿಯಿತು ಅಂದುಕೊಳ್ಳಿ. ಪಿಟ್ಟಿನ ರೆಸಿಸ್ಟೆನ್ಸ್ 5 ಓಮ್ ಇದ್ದರೆ ಅಲ್ಲಿ ಏಳುವ ವೋಲ್ಟೇಜ್ 25 ಸಾವಿರ. ಅದೇ 20 ಓಮ್ ಇದ್ದರೆ 1 ಲಕ್ಷ ವೋಲ್ಟ್. ಮೇಲೆ ಎಷ್ಟೇ ಒಳ್ಳೆಯ ಎಲ್‌ಎ ಇರಲಿ, ಕೆಳಗೆ ಹೀಗಿದ್ದರೆ ಏನು ಪ್ರಯೋಜನ? ಹಾಗಾಗಿ 5 ಓಮ್ ಒಳಗೆ ತರಲೇಬೇಕು.

ಲೈನ್ ಸತ್ತಿದೆ, ಅರ್ತ್ ಆಗಿದೆ ಅಂತ ಖಚಿತ ಮಾಡಿಕೊಂಡ ಮೇಲೆಯೇ ಎಲ್‌ಎ ಪಿಟ್ಟಿನ ತಂತಿ ಬಿಚ್ಚಿ. ಚಾರ್ಜ್ ಇರುವಾಗ ಎಲ್‌ಎ ಅರ್ತ್ ಬಿಚ್ಚಿ "ಸುಮ್ನೆ ಒಂದು ರೀಡಿಂಗ್" ತೆಗೆಯುವವರಿದ್ದಾರೆ. ಅರ್ತ್ ಬಿಟ್ಟ ಕ್ಷಣ ಎಲ್‌ಎ ತಳ ಲೈನಿನಷ್ಟೇ ಅಪಾಯ. ಅರ್ತ್ ಟೆಸ್ಟರಿನ ದೂರದ ಗೂಟ 30 ಮೀಟರ್, ನಡುವಿನ ಗೂಟ ಅದರ ಶೇ. 62ರಷ್ಟು, ಅಂದರೆ ಸುಮಾರು 18.5 ಮೀಟರಿಗೆ ಹೊಡೆದು ಅಳೆಯಿರಿ. ನಡುವಿನ ಗೂಟವನ್ನು ಸ್ವಲ್ಪ ಆಚೀಚೆ ಸರಿಸಿದರೆ ರೀಡಿಂಗ್ ಹೆಚ್ಚು ಬದಲಾಗಬಾರದು. ಬದಲಾದರೆ ಗೂಟಗಳನ್ನು ಇನ್ನೂ ದೂರ ಹೊಡೆಯಿರಿ.

ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಮಣ್ಣು ಒಣ, ಕೆಳಗೆ ಬಂಡೆ. ಅರ್ತ್ ರಾಡ್ ಅರ್ಧಕ್ಕೇ ನಿಲ್ಲುತ್ತದೆ. ಮಿಕ್ಕಿದ್ದನ್ನು ಕತ್ತರಿಸಿ "ಆಯ್ತು" ಅನ್ನಬೇಡಿ. ಉದ್ದಕ್ಕೆ ಕಾಲುವೆ ತೋಡಿ ಜಿಐ ಪಟ್ಟಿಯನ್ನು ಅಡ್ಡ ಹೂಳಿ, ಅಥವಾ ಎರಡು ಮೂರು ರಾಡ್ ಹೊಡೆದು ಒಂದಕ್ಕೊಂದು ಜೋಡಿಸಿ. ರಾಡುಗಳ ನಡುವೆ ರಾಡಿನ ಉದ್ದದ ಎರಡರಷ್ಟಾದರೂ ಅಂತರ ಇರಲಿ. ಹತ್ತಿರ ಹತ್ತಿರ ಹೊಡೆದರೆ ಲಾಭ ಕಡಿಮೆ. ಸುತ್ತ ಬೆಂಟೋನೈಟ್ ಜೇಡಿಮಣ್ಣು ತುಂಬಿದರೆ ತೇವ ಹಿಡಿದಿಡುತ್ತದೆ.

ದಾವಣಗೆರೆ, ಹರಿಹರದ ಎರೆ ಮಣ್ಣಿನ ಕಥೆಯೇ ಬೇರೆ. ಒದ್ದೆ ಇರುವಾಗ ಅಳೆದರೆ ರೀಡಿಂಗ್ ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ಅದೇ ಎರೆ ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುತ್ತದೆ. ಮೊದಲ ಗುಡುಗು ಬರುವುದು ಆ ಒಣಗಿದ ಹೊತ್ತಿನಲ್ಲೇ ಅಲ್ವಾ? ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಅಳೆದ ರೀಡಿಂಗೇ ನಿಜವಾದ ರೀಡಿಂಗ್. ಹಳೆಯ ಉಪ್ಪು ಇದ್ದಿಲಿನ ಪಿಟ್ ಆದರೆ ತಂತಿ ಮಣ್ಣಿಗೆ ಇಳಿಯುವ ಜಾಗದಲ್ಲಿ ಕೆದಕಿ ನೋಡಿ. ಉಪ್ಪು ಜಿಐಯನ್ನು ತಿಂದು, ಮೇಲೆ ಗಟ್ಟಿ ಕಾಣುವ ತಂತಿ ಕೆಳಗೆ ದಾರದಷ್ಟೇ ಉಳಿದಿರುತ್ತದೆ.

ಹಂತ 7: ಹಳೆಯದು ಇಳಿಸಿ, ಹೊಸದು ಕೂರಿಸಿ

ಬಿಚ್ಚುವಾಗ ಮೊದಲು ಲೈನ್ ಕಡೆಯ ಜಂಪರ್ (ಲೈನಿನಿಂದ ಎಲ್‌ಎಗೆ ಬರುವ ತಂತಿ), ಆಮೇಲೆ ಅರ್ತ್, ಕೊನೆಗೆ ಬ್ರಾಕೆಟ್. ಕಟ್ಟುವಾಗ ಮೊದಲು ಬ್ರಾಕೆಟ್, ಆಮೇಲೆ ಅರ್ತ್, ಕೊನೆಗೆ ಜಂಪರ್. ಲೈನ್ ಸತ್ತಿರುವಾಗಲೂ ಇದೇ ಕ್ರಮ ಪಾಲಿಸಿ, ಕೈಗೆ ರೂಢಿಯಾಗಲಿ. ಸಿಡಿದ ಪಿಂಗಾಣಿಯ ಚೂರು ಚಾಕುವಿನಷ್ಟು ಹರಿತ. ಹಗ್ಗದಲ್ಲಿ ಕಟ್ಟಿ ಇಳಿಸಿ, ಕೆಳಗೆ ಯಾರನ್ನೂ ನಿಲ್ಲಿಸಬೇಡಿ.

ಎರಡೂ ತಂತಿಗಳು ಆದಷ್ಟು ಗಿಡ್ಡ, ಆದಷ್ಟು ನೇರ ಇರಬೇಕು. ಒಂದು ಮೀಟರ್ ತಂತಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಸಿಡಿಲಿನ ಕರೆಂಟ್ ಒಂದು ಮೈಕ್ರೋಸೆಕೆಂಡಿಗೆ 5 ಸಾವಿರ ಆಂಪಿಯರಿನಂತೆ ಏರಿದರೆ ಆ ಒಂದು ಮೀಟರಿನಲ್ಲೇ 5 ಸಾವಿರ ವೋಲ್ಟ್ ಬೀಳುತ್ತದೆ, ಅದೂ ಟಿಸಿ ಮೇಲೆಯೇ ಹೆಚ್ಚುವರಿ ಹೊರೆ. ಉಳಿದ ತಂತಿಯನ್ನು ಅಂದಕ್ಕೆ ಸುರುಳಿ ಸುತ್ತಿ ಇಡುವವರು ಸಿಡಿಲಿನ ದಾರಿಗೆ ತಾವೇ ಅಡ್ಡ ಹಾಕುತ್ತಿದ್ದಾರೆ. ಕತ್ತರಿಸಿ ತೆಗೆಯಿರಿ.

ಎಲ್‌ಎ ಅರ್ತ್ ತಂತಿ ನೇರ ಅದರದೇ ಪಿಟ್ಟಿಗೆ ಇಳಿಯಲಿ. ಕಂಬದ ಕ್ರಾಸ್ ಆರ್ಮ್‌ಗೆ (ಅಡ್ಡ ಪಟ್ಟಿಗೆ) ಕಟ್ಟಿ ಬಿಟ್ಟರೆ ಅದು ಅರ್ತ್ ಅಲ್ಲ. ಎಲ್‌ಎ ತಳದಿಂದ ಟಿಸಿ ಬಾಡಿಗೂ ಒಂದು ಗಿಡ್ಡ ಜೋಡಣೆ ಇದ್ದರೆ, ಪಿಟ್ಟಿನಲ್ಲಿ ಏಳುವ ವೋಲ್ಟೇಜ್ ಎಚ್‌ಟಿ ಬುಶಿಂಗ್ (ಟಿಸಿ ಮೇಲಿನ ಪಿಂಗಾಣಿ ಕೊಂಬು) ಮೇಲೆ ಬೀಳುವುದಿಲ್ಲ. ನಿಮ್ಮಲ್ಲಿನ ಡ್ರಾಯಿಂಗ್ ಪ್ರಕಾರ ಅದು ಹೇಗಿರಬೇಕು ಅಂತ ಜೆಇ ಹತ್ತಿರ ಕೇಳಿಕೊಂಡೇ ಮಾಡಿ.

ಅಲ್ಯೂಮಿನಿಯಂ ತಂತಿಯನ್ನು ಹಿತ್ತಾಳೆ, ತಾಮ್ರದ ಟರ್ಮಿನಲ್ಲಿಗೆ ನೇರ ಕಟ್ಟಬೇಡಿ, ಬೈಮೆಟಲ್ ಕ್ಲ್ಯಾಂಪ್ ಬಳಸಿ. ಡಿಸ್ಕನೆಕ್ಟರ್ ಇದ್ದರೆ ಅರ್ತ್ ತಂತಿಯ ಆ ತುದಿ ಬಳುಕುವಂತಿರಲಿ. ಗಟ್ಟಿ ಪಟ್ಟಿಯನ್ನೇ ಬಿಗಿದರೆ ಅದು ಸಿಡಿದರೂ ತಂತಿ ಬೀಳುವುದಿಲ್ಲ, ಫೀಡರ್ ಮತ್ತೆ ಮತ್ತೆ ಟ್ರಿಪ್ ಆಗುತ್ತದೆ.

ಹಂತ 8: ಚಾರ್ಜ್ ಮಾಡುವುದು

ಈ ಹೊತ್ತಿಗೆ ಸುತ್ತ ಜನ ಸೇರಿರುತ್ತಾರೆ. "ಲಗೂ ಮುಗ್ಸ್ರಿ ಅಣ್ಣಾ, ಅಡಿಕೆಗೆ ನೀರು ಬಿಡ್ಬೇಕು" ಅನ್ನುತ್ತಾರೆ. ಅವರ ಕಷ್ಟ ನಿಜ. ಆದರೂ ಇಲ್ಲಿ ಎಣಿಕೆ ತಪ್ಪಬಾರದು. ಮೇಲೆ ಹೋದವರೆಲ್ಲ ಇಳಿದಿದ್ದಾರೆಯೇ ತಲೆ ಎಣಿಸಿ. ಒಯ್ದ ಡಿಸ್ಚಾರ್ಜ್ ರಾಡ್ ಎಷ್ಟು, ವಾಪಸ್ ಬಂದದ್ದು ಎಷ್ಟು ನೋಡಿ. ಆಮೇಲೆ ಎಲ್‌ಟಿ ಫ್ಯೂಸ್ ಹಾಕದೆ, ಬೀಗ ತೆಗೆದು ಜಿಓಎಸ್ ಹಾಕಿ, ಎಲ್‌ಸಿ ತೆಗೆದುಕೊಂಡವರೇ ಅದನ್ನು ವಾಪಸ್ ಕೊಡಲಿ. "ಅರ್ಧ ಗಂಟೆ ಬಿಟ್ಟು ಹಾಕಿಬಿಡಿ" ಅನ್ನುವ ಒಪ್ಪಂದ ಎಂದಿಗೂ ಬೇಡ.

ಚಾರ್ಜ್ ಆಗುವಾಗ ಕಂಬದಿಂದ ದೂರ ನಿಲ್ಲಿ. ಚಟಪಟ ಸದ್ದು, ಕಿಡಿ, ಹೊಗೆ, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಫ್ ಮಾಡಿಸಿ. ಟ್ರಿಪ್ ಆದರೆ "ಇನ್ನೊಂದ್ಸಲ ಹಾಕಿ ನೋಡಿ" ಅನ್ನಬೇಡಿ. ಮತ್ತೆ ಎಲ್‌ಸಿ ತೆಗೆದುಕೊಂಡು ಹಂತ 5ರಿಂದ ಶುರು ಮಾಡಿ. ಎಲ್ಲ ಸುಮ್ಮನಿದ್ದರೆ ಎಲ್‌ಟಿ ಫ್ಯೂಸ್ ಹಾಕಿ.

ಹಾಟ್‌ಲೈನ್ ಗ್ಯಾಂಗ್ ಹೇಗೆ ಮಾಡುತ್ತದೆ

ಲೈನ್ ನಿಲ್ಲಿಸಲು ಆಗದ ಕಡೆ ತರಬೇತಿ ಇರುವ ಗ್ಯಾಂಗ್ ಹಾಟ್ ಸ್ಟಿಕ್ (ಕರೆಂಟ್ ಹರಿಯದ ಉದ್ದ ಕೋಲು) ಬಳಸಿ, ಲೈನಿನಿಂದ ದೂರ ನಿಂತು ಈ ಕೆಲಸ ಮಾಡುತ್ತದೆ. ನೀವು ಅವರಿಗೆ ಸಹಾಯಕ್ಕೆ ನಿಂತರೆ ಕ್ರಮ ತಿಳಿದಿರಲಿ. ಮಳೆ, ಮಂಜು, ದೂರದಲ್ಲಿ ಗುಡುಗು, ಯಾವುದಿದ್ದರೂ ಕೆಲಸ ಇಲ್ಲ. ಸ್ಟೇಷನ್ನಿನಲ್ಲಿ ಆ ಫೀಡರಿನ ಆಟೋ ರೀಕ್ಲೋಸ್ (ಟ್ರಿಪ್ ಆದ ಬ್ರೇಕರ್ ತಾನಾಗೇ ಮತ್ತೆ ಹಾಕಿಕೊಳ್ಳುವುದು) ಬ್ಲಾಕ್ ಆಗಿರಬೇಕು. ಸ್ಟಿಕ್ಕುಗಳಿಗೆ ಪರೀಕ್ಷೆಯ ಅವಧಿ ಮುಗಿದಿರಬಾರದು, ಮೇಲೆ ಧೂಳು ತೇವ ಇರಬಾರದು.

ಮೊದಲು ಹಾಟ್ ಸ್ಟಿಕ್‌ನಿಂದ ಲೈನ್ ಕಡೆಯ ಕ್ಲ್ಯಾಂಪ್ ಬಿಡಿಸುತ್ತಾರೆ. ಬಿಟ್ಟ ತಂತಿ ತೂಗಿ ಇನ್ನೊಂದು ಫೇಸಿಗೆ ತಗಲದಂತೆ ಸ್ಟಿಕ್ಕಿನಲ್ಲೇ ಹಿಡಿದು, ಲೈನಿನಿಂದ ದೂರ ಕಟ್ಟುತ್ತಾರೆ. ಅದಾದ ಮೇಲೆಯೇ ಅರ್ತ್ ಬಿಚ್ಚುವುದು. ಹೊಸದು ಕೂರಿಸುವಾಗ ಅರ್ತ್ ಪೂರ್ತಿ ಬಿಗಿದ ನಂತರ ಎಲ್ಲರೂ ದೂರ ಸರಿದು, ಕೊನೆಯದಾಗಿ ಸ್ಟಿಕ್ಕಿನಿಂದ ಲೈನ್ ಕ್ಲ್ಯಾಂಪ್ ಸಿಕ್ಕಿಸುತ್ತಾರೆ. ಎಲ್‌ಎ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಡಿಸ್ಕನೆಕ್ಟರ್ ಬಿದ್ದಿದ್ದರೆ ಅದನ್ನು ಚಾರ್ಜ್ ಇರುವಾಗ ಮುಟ್ಟುವಂತೆ ಗ್ಯಾಂಗಿನ ಮೇಲೆ ಒತ್ತಡ ಹಾಕಬೇಡಿ. ಸ್ಟಿಕ್ ತಗಲಿದ ಪೆಟ್ಟಿಗೇ ಅಂಥದ್ದು ಸಿಡಿಯಬಹುದು. ಎಷ್ಟೇ ಮುಖ್ಯವಾದ ಫೀಡರ್ ಆಗಿರಲಿ, ಆಗ ಲೈನ್ ನಿಲ್ಲಿಸಿಯೇ ಬದಲಿಸಬೇಕು.

ಕೆಲಸ ಮುಗಿದ ಮೇಲೆ

ಟಿಸಿ ನಂಬರ್, ಎಲ್‌ಎ ಸೀರಿಯಲ್ ನಂಬರ್, ಯಾವ ಫೇಸ್, ಮೆಗ್ಗರ್ ರೀಡಿಂಗ್, ಅರ್ತ್ ರೀಡಿಂಗ್, ತಾರೀಕು ಬರೆದಿಡಿ. ಅರ್ತ್ ರೀಡಿಂಗ್ ಪಕ್ಕದಲ್ಲಿ ಮಣ್ಣು ಒಣಗಿತ್ತೋ ಒದ್ದೆ ಇತ್ತೋ ಅಂತಲೂ ಬರೆಯಿರಿ, ಇಲ್ಲದಿದ್ದರೆ ಮುಂದಿನವರಿಗೆ ಆ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಮೊದಲ ದೊಡ್ಡ ಗುಡುಗು ಮಳೆಯ ಮರುದಿನ ಆ ಟಿಸಿ ಹತ್ತಿರ ಹೋಗಿ, ಕೆಳಗಿನಿಂದಲೇ ಮೂರೂ ಡಿಸ್ಕನೆಕ್ಟರ್ ಜಾಗದಲ್ಲಿವೆಯೇ ಅಂತ ನೋಡಿ. ಒಂದು ಬಿದ್ದಿದ್ದರೂ ಇನ್ನೊಂದು ಮಳೆ ಬರುವ ಮೊದಲು ಎಲ್‌ಸಿ ಕೇಳಿ.